ಓಟು ಗುಟ್ಟು, ಬೂತು ರಟ್ಟು

ಯಶವಂತಪುರ ಬಿಟ್ಟು ತುಮಕೂರಿನ ಕಡೆ ಹೊರಟ ರೈಲಿಗೆ ಚಿಕ್ಕಬಾಣಾವರದಲ್ಲಿ ಒಂದು ನಿಲ್ದಾಣವಿದೆ. ಒಂದು ಕೆರೆ, ಹಳೆಯ ಊರಿನ ಕೇರಿಗಳು, ಸುತ್ತ ಎದ್ದಿರುವ ಬಡಾವಣೆಗಳು, ಕಾಲೇಜು ಹುಡುಗರ ಬಾಡಿಗೆ ಕೋಣೆಗಳು. ಗ್ರಾಮ ಪಂಚಾಯತಿಯಾಗಿದ್ದ ಊರು ಈಗ ಪುರಸಭೆ. ಇಂಥ ಊರುಗಳಲ್ಲಿ ಚುನಾವಣೆ ಹತ್ತಿರವಾದಾಗ ಒಂದೇ ಮನೆಯ ಜಗಲಿಗೆ ಒಂದೇ ಸಂಜೆ ಮೂರು ಪಕ್ಷಗಳವರು ಬಂದುಹೋಗುವುದು ಮಾಮೂಲು. ಬಂದವರು ಅಪರಿಚಿತರೇನಲ್ಲ. ಒಬ್ಬ ಸೋದರತ್ತೆಯ ಮಗ. ಇನ್ನೊಬ್ಬ ಹಾಲಿನ ಡೇರಿಯಲ್ಲಿ ದಿನಾ ಸಿಗುವವನು. ಮತ್ತೊಬ್ಬ ಮಗಳ ಮದುವೆಗೆ ಕೈಸಾಲ ಕೊಟ್ಟವನು. ಮನೆಯ ಯಜಮಾನ ಮೂವರಿಗೂ ಹೇಳುವ ಮಾತು ಒಂದೇ: 'ಆಯ್ತು ಬಿಡಣ್ಣ, ನಿಮ್ಮನ್ನ ಬಿಟ್ಟು ಇನ್ಯಾರಿಗೆ ಹಾಕ್ತೀವಿ?'

ಹೀಗೆ ಹೇಳಿದವನನ್ನು ಸುಳ್ಳುಗಾರನೆಂದು ಬಯ್ಯುವುದು ಸುಲಭ. ಆದರೆ ಅವನು ಸಿಕ್ಕಿಕೊಂಡಿರುವುದು ದಾಕ್ಷಿಣ್ಯದಲ್ಲಿ. ಎದುರಿಗೆ ನಿಂತವರ ಮುಖ ನೋಡಿ ಇಲ್ಲವೆನ್ನಲಾಗದ ಈ ಸಂಕೋಚದ ಹಿಂದೆ ಬರೀ ನಯವಿನಯ ಮಾತ್ರ ಇರುವುದಿಲ್ಲ. ಸಾಲವಿರುತ್ತದೆ, ನಂಟಸ್ತಿಕೆಯಿರುತ್ತದೆ, ಜಾತಿಯ ಹಿರಿಯರ ಕಣ್ಣಿರುತ್ತದೆ, ನಾಳೆ ಪುರಸಭೆಯಲ್ಲಿ ಆಗಬೇಕಾದ ಖಾತೆಯ ಕೆಲಸವಿರುತ್ತದೆ. ಮತದಾನದ ದಿನ ಸರ್ಕಾರ ಇವನಿಗೆ ಒದಗಿಸುವುದು ಮೇಜಿನ ಮೇಲಿನ ಒಂದು ರಟ್ಟಿನ ಮರೆ, ಅಷ್ಟೆ. ಅದರ ಹಿಂದೆ ಅವನು ನಿಲ್ಲುವ ಅರ್ಧ ನಿಮಿಷದಲ್ಲಿ ಆ ಮೂವರಲ್ಲಿ ಯಾರೂ ಅವನ ಜೊತೆಗಿರುವುದಿಲ್ಲ. ಊರಿನ ಇಡೀ ಬದುಕಿನಲ್ಲಿ ಅವನು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಅರ್ಧ ನಿಮಿಷ ಅದು.

ಮತವನ್ನು ಗುಟ್ಟಾಗಿ ಇಡುವುದೆಂದರೆ ಸಂಬಳವನ್ನೋ ವಯಸ್ಸನ್ನೋ ಹೇಳಿಕೊಳ್ಳದಿರುವಂಥ ಒಂದು ಮರ್ಯಾದೆ ಎಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದರ ಉದ್ದೇಶ ಬೇರೆ. ಓಟಿಗೆ ಹಣ ಕೊಟ್ಟವನಿಗೆ ಸರಕು ಕೈಸೇರಿತೇ ಎಂದು ತಿಳಿಯುವ ದಾರಿಯಿರಬಾರದು. ಬೆದರಿಸಿದವನಿಗೆ ಬೆದರಿಕೆ ಫಲಿಸಿತೇ ಎಂದು ಗೊತ್ತಾಗಬಾರದು. ಸಾಕ್ಷಿಯೇ ಇಲ್ಲದ ವ್ಯಾಪಾರಕ್ಕೆ ಬಂಡವಾಳ ಹೂಡುವವರು ಕಡಿಮೆ. ಆದ್ದರಿಂದ ಮತದಾರನ ಬಾಯಿ ಮುಚ್ಚಿಸುವುದು ಮುಖ್ಯವಲ್ಲ, ಅವನ ಕೈಯಲ್ಲಿ ರುಜುವಾತು ಇಲ್ಲದಂತೆ ನೋಡಿಕೊಳ್ಳುವುದು ಮುಖ್ಯ.

ಈ ಅರಿವು ಬರಲು ಬಹಳ ಕಾಲ ಹಿಡಿಯಿತು. ನಮಗೆ ಚುನಾವಣೆ ಕಲಿಸಿದವರೆಂದು ಹೇಳಿಕೊಳ್ಳುವ ಇಂಗ್ಲಿಷರ ದೇಶದಲ್ಲೇ 19ನೇ ಶತಮಾನದ ಬಹುಭಾಗ ಮತದಾರ ಎಲ್ಲರೆದುರು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿಗಳು ಅಚ್ಚಾಗಿ ಮಾರಾಟವಾಗುತ್ತಿದ್ದವು. ಜಮೀನ್ದಾರನಿಗೆ ವಿರುದ್ಧವಾಗಿ ಹೆಸರು ಹೇಳಿದ ಗೇಣಿದಾರ ಮುಂದಿನ ವರ್ಷ ಅದೇ ಹೊಲದಲ್ಲಿರುತ್ತಾನೆಂಬ ಭರವಸೆಯಿರಲಿಲ್ಲ. 1838ರಲ್ಲಿ ಅಲ್ಲಿನ ಕಾರ್ಮಿಕ ಚಳವಳಿಗಾರರು ಮುಂದಿಟ್ಟ ಹಕ್ಕೊತ್ತಾಯದಲ್ಲಿ ಗುಪ್ತಮತದಾನವೂ ಸೇರಿತ್ತು. ಆದರೆ ಅದನ್ನು ಮೊದಲು ಮಾಡಿ ತೋರಿಸಿದ್ದು ಆಸ್ಟ್ರೇಲಿಯದ ವಸಾಹತುಗಳಾದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ, 1856ರಲ್ಲಿ. ಬ್ರಿಟನ್ನಿನಲ್ಲಿ ಕಾನೂನಾದದ್ದು 1872ರಲ್ಲಿ. ಆ ಆಗಸ್ಟ್ 15ರಂದು ಪಾಂಟೆಫ್ರಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಮೊದಲ ಗುಪ್ತಮತದಾನ ನಡೆಯಿತು. ಜೇಷ್ಠಮಧುವಿನ ಮಿಠಾಯಿಗೆ ಹೆಸರಾದ ಊರು ಅದು. ಮತಪೆಟ್ಟಿಗೆಯ ಅರಗಿನ ಮೇಲೆ ಒತ್ತಿದ್ದು ಮಿಠಾಯಿ ಕಾರ್ಖಾನೆಯ ಮೊಹರನ್ನೇ.

ಇದನ್ನು ವಿರೋಧಿಸಿದವರಲ್ಲಿ ಸ್ವಾತಂತ್ರ್ಯದ ಪರಮ ಪ್ರತಿಪಾದಕ ಜಾನ್ ಸ್ಟುವರ್ಟ್ ಮಿಲ್ ಕೂಡ ಇದ್ದುದು ಸ್ವಾರಸ್ಯದ ಸಂಗತಿ. ಮತವೆಂಬುದು ಮತದಾರನ ಸ್ವಂತ ಆಸ್ತಿಯಲ್ಲ, ಸಮಾಜ ಅವನ ಕೈಯಲ್ಲಿಟ್ಟ ನಂಬಿಕೆ. ಆದ್ದರಿಂದ ಅದನ್ನು ಎಲ್ಲರ ಕಣ್ಣೆದುರು ಚಲಾಯಿಸಬೇಕು ಎಂಬುದು ಅವನ ವಾದ. ಸಾಮಾನ್ಯ ಮತದಾರನ ಮಟ್ಟಿಗೆ ಜಗತ್ತು ಈ ಮಾತನ್ನು ಒಪ್ಪಲಿಲ್ಲ. ಆದರೆ ಮಿಲ್‌ನ ವಾದ ಒಂದೂವರೆ ಶತಮಾನದ ನಂತರ ನಮ್ಮಲ್ಲಿ ಬೇರೊಂದು ಬಾಗಿಲಿನಿಂದ ಒಳಗೆ ಬಂತು. 2003ರ ತಿದ್ದುಪಡಿಯಂತೆ ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2006ರಲ್ಲಿ ಕುಲದೀಪ್ ನಯ್ಯರ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2024ರ ಫೆಬ್ರುವರಿಯಲ್ಲಿ ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದ್ದು ಆ ಹೊತ್ತಿಗೇ ನಾಡಿಗೆಲ್ಲ ತಿಳಿದದ್ದು ಈ ನಿಯಮದಿಂದಾಗಿ. ಶಾಸಕ ತನ್ನನ್ನು ಆರಿಸಿದವರಿಗೆ ಉತ್ತರ ಹೇಳಬೇಕಾದವನು. ಅವನನ್ನು ಆರಿಸಿದವನು ಯಾರಿಗೂ ಉತ್ತರ ಹೇಳಬೇಕಾದವನಲ್ಲ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ತರವಲ್ಲ.

ಕನ್ನಡ ನಾಡಿನಲ್ಲಿ ಚುನಾಯಿತ ಪ್ರತಿನಿಧಿಗಳ ಕಲ್ಪನೆ ಹೊಸದೇನಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಮೊದಲ ಬಾರಿ ಸೇರಿತು. ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂದದ್ದು ಹತ್ತು ವರ್ಷದ ನಂತರ. ಆದರೆ ಅಲ್ಲಿ ಓಟಿದ್ದದ್ದು ಆಸ್ತಿವಂತರಾದ ಕೆಲವರಿಗೆ. ಕೂಲಿಯವನಿಗೂ ಗೌಡನಿಗೂ ಒಂದೇ ಓಟು, ಅದೂ ಗುಟ್ಟಾಗಿ, ಎಂಬ ಸ್ಥಿತಿ ಬಂದದ್ದು 1951-52ರ ಮೊದಲ ಮಹಾಚುನಾವಣೆಯಲ್ಲೇ.

ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರ ಎದುರಿಗಿದ್ದ ಸಮಸ್ಯೆ ಸಣ್ಣದಲ್ಲ. ಹದಿನೇಳು ಕೋಟಿಗೂ ಮೀರಿದ ಮತದಾರರಲ್ಲಿ ನೂರಕ್ಕೆ 85 ಮಂದಿಗೆ ಓದುಬರಹ ಬಾರದು. ಓದುಬಾರದವನು ಇನ್ನೊಬ್ಬರ ಸಹಾಯ ಕೇಳಿದರೆ ಗುಟ್ಟು ಅಲ್ಲಿಗೇ ಮುಗಿಯಿತು. ಅದಕ್ಕೆ ಸೇನ್ ಕಂಡುಕೊಂಡ ಉಪಾಯ, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿರುತ್ತಿತ್ತು. ಮತದಾರ ಪರದೆಯ ಹಿಂದೆ ಹೋಗಿ ಏನೂ ಬರೆಯದೆ, ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. 20 ಲಕ್ಷದಷ್ಟು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಉಪಾಯ ಸುಲಭವಾಗಿತ್ತು, ಅದರಲ್ಲಿ ಒಂದು ತೂತೂ ಇತ್ತು. ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದರೆ ಅದನ್ನು ಮಾರಬಹುದಿತ್ತು. ಕೊಂಡವನು ಒಂದು ಕಂತೆಯನ್ನೇ ತನ್ನವರ ಕೈಯಿಂದ ಪೆಟ್ಟಿಗೆಗೆ ಇಳಿಸಬಹುದಿತ್ತು. 1962ರ ಹೊತ್ತಿಗೆ ಎಲ್ಲ ಚಿಹ್ನೆಗಳೂ ಒಂದೇ ಚೀಟಿಯಲ್ಲಿ ಅಚ್ಚಾಗಿ, ಗುರುತು ಒತ್ತುವ ಪದ್ಧತಿ ಬಂತು.

ಆ ಗುರುತಿನ ಮೊಹರನ್ನು ಯೋಚಿಸಿ ಮಾಡಿದವರ ಜಾಣ್ಮೆ ಮೆಚ್ಚಬೇಕು. ಸುತ್ತಲೂ ತಿರುಗುವ ಬಾಣಗಳಂಥ ಆ ಮುದ್ರೆಯನ್ನು ಒತ್ತಿ ಚೀಟಿ ಮಡಿಸಿದಾಗ ಹಸಿ ಶಾಯಿ ಎದುರು ಮಗ್ಗುಲಿಗೂ ಅಂಟುತ್ತದೆ. ಆದರೆ ಅಂಟಿದ ಗುರುತಿನಲ್ಲಿ ಬಾಣಗಳು ತಿರುವುಮುರುವಾಗಿರುತ್ತವೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಎಣಿಸುವವರಿಗೆ ತಿಳಿದುಹೋಗುತ್ತದೆ. ಮತದಾರ ಚೀಟಿಯನ್ನು ಧೈರ್ಯವಾಗಿ ಮಡಿಸಿ ಗುಟ್ಟು ಕಾಪಾಡಿಕೊಳ್ಳಬಹುದು. ಕರ್ನಾಟಕದ ಗ್ರಾಮ ಪಂಚಾಯತಿ ಚುನಾವಣೆಗಳಲ್ಲಿ 2020ರಲ್ಲೂ, ಬೀದರ್ ಜಿಲ್ಲೆಯೊಂದನ್ನು ಬಿಟ್ಟು, ಮತಪತ್ರವೇ ಬಳಕೆಯಲ್ಲಿತ್ತು.

ಅದೇ 1962ರ ಚುನಾವಣೆಯಲ್ಲಿ ಮೈಸೂರಿನ ಶಾಯಿಯೂ ಬೆರಳಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಈ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತದೆ. ಬೆರಳಿನ ಗುರುತು ಓಟು ಹಾಕಿದ್ದನ್ನು ಜಗತ್ತಿಗೆಲ್ಲ ತೋರಿಸುತ್ತದೆ, ಯಾರಿಗೆ ಎಂಬುದನ್ನು ಹೇಳುವುದಿಲ್ಲ.

ಚಿಕ್ಕಬಾಣಾವರಕ್ಕೆ ಈ ಕಥೆಯಲ್ಲಿ ಇನ್ನೊಂದು ನಂಟಿದೆ. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ಇರುವುದು ಕೆಲವೇ ಕಿಲೋಮೀಟರು ದೂರದ ಜಾಲಹಳ್ಳಿಯಲ್ಲಿ. ಯಂತ್ರ ಮೊದಲು ಬಳಕೆಯಾದದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ. ಕಾನೂನಿನ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ಅದನ್ನು ತಳ್ಳಿಹಾಕಿತು. ಕಾನೂನು ತಿದ್ದುಪಡಿಯಾಗಿ, 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಯಂತ್ರದ ಮೂಲಕವೇ ನಡೆಯಿತು. 2013ರಿಂದ ಈಚೆಗೆ ಯಂತ್ರದ ಪಕ್ಕಕ್ಕೆ ಚೀಟಿ ಮುದ್ರಿಸುವ ಪೆಟ್ಟಿಗೆಯೊಂದು ಬಂದಿದೆ. ಯಾರಿಗೆ ಮತ ಬಿತ್ತೆಂದು ತೋರಿಸುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ಆ ಚೀಟಿಯನ್ನು ಕೈಗೇ ಕೊಟ್ಟರೆ ಅನುಮಾನಕ್ಕೆ ಎಡೆಯಿರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಕೋರಿಕೆಯೂ ಇತ್ತು. ಕೋರ್ಟು ಒಪ್ಪಲಿಲ್ಲ. ಕೈಗೆ ಬಂದ ಚೀಟಿ ಮತದಾರನಿಗೆ ಸಮಾಧಾನ ತರಬಹುದು, ಅದೇ ಚೀಟಿ ಹೊರಗೆ ಕಾದಿರುವ ದಲ್ಲಾಳಿಗೆ ರಸೀದಿಯೂ ಆಗಬಲ್ಲದು. ಮತಗಟ್ಟೆಯೊಳಗೆ ಮೊಬೈಲು ತರಬಾರದೆಂಬುದಕ್ಕೂ ಕಾರಣ ಇದೇ.

ರಸೀದಿ ಸಿಗದ ದಲ್ಲಾಳಿ ಏನು ಮಾಡುತ್ತಾನೆ? ನಮ್ಮ ನಾಡಿನಲ್ಲಿ ಅವನು ದೇವರ ಮೊರೆ ಹೋದ. ಹಣವನ್ನೋ ಕುಕ್ಕರನ್ನೋ ಕೊಡುವಾಗ ಧರ್ಮಸ್ಥಳದ ಮಂಜುನಾಥನ ಪಟದ ಮೇಲೆ ಕೈಯಿಡಿಸಿ ಆಣೆ ಮಾಡಿಸುವುದು, ಇಲ್ಲವೇ ಮನೆದೇವರ ಹೆಸರಿನಲ್ಲಿ ಮಾತು ತೆಗೆದುಕೊಳ್ಳುವುದು ಕರ್ನಾಟಕದ ಚುನಾವಣೆಗಳಲ್ಲಿ ಕೇಳಿ ಹಳತಾದ ಸುದ್ದಿ. ಇದನ್ನು ಮೂಢನಂಬಿಕೆ ಎಂದು ನಕ್ಕು ಬಿಡುವಂತಿಲ್ಲ. ಗುಪ್ತಮತದಾನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಮನುಷ್ಯರ ಕಣ್ಣು ಮರೆಯ ಹಿಂದೆ ಹೋಗದೆಂದು ಗೊತ್ತಾದವನೇ ಅಲ್ಲಿಗೂ ಹೋಗಬಲ್ಲ ಕಣ್ಣನ್ನು ಹುಡುಕಿದ್ದು. ಕಾನೂನು ಮಾಡಿದವರೂ ಇದನ್ನು ಬಲ್ಲವರೇ. ದೇವರ ಅವಕೃಪೆಗೆ ಗುರಿಯಾಗುತ್ತೀಯೆಂದು ಮತದಾರನನ್ನು ನಂಬಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನಂತೆ ಭ್ರಷ್ಟ ಆಚರಣೆ. ಆಣೆ ಇಟ್ಟ ಮೇಲೆ ಮಾತು ಮುರಿಯುವ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ ಎಂಬುದು ಬೇರೆ ಮಾತು.

ಅದೇ ಕಾಯ್ದೆಯ 94ನೇ ಕಲಮು ಇನ್ನೂ ಮುಖ್ಯವಾದದ್ದು. ಯಾರಿಗೆ ಮತ ಹಾಕಿದೆಯೆಂದು ಹೇಳುವಂತೆ ಯಾವ ಸಾಕ್ಷಿಯನ್ನೂ, ಬೇರೆ ಯಾವ ವ್ಯಕ್ತಿಯನ್ನೂ ಒತ್ತಾಯಿಸುವಂತಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಒಂದೇ ಒಂದು ಓಟು. ಸೋತವರ ಕಾರಿನ ಚಾಲಕನೇ ಅಂದು ಮತ ಹಾಕಲಾಗಿರಲಿಲ್ಲ ಎಂಬ ಸುದ್ದಿ ಊರೂರು ಸುತ್ತಿತು. ಆದರೆ ಆ ಒಂದು ಓಟು ಯಾರದೆಂದು ಎಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬನನ್ನಾದರೂ ಕಟಕಟೆಗೆ ಕರೆದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಹಾಗೆಂದು ಬಾಯಿಗೆ ಬೀಗವೂ ಇಲ್ಲ. ಗುಟ್ಟು ಮತದಾರನ ಹಕ್ಕು. ತಾನಾಗಿ ಹೇಳಿಕೊಂಡರೆ ತಡೆಯಿಲ್ಲ, ಹೇಳಿಸುವುದು ಮಾತ್ರ ಸಲ್ಲದು ಎಂದು ಸುಪ್ರೀಂ ಕೋರ್ಟು 1980ರಲ್ಲೇ ಸ್ಪಷ್ಟಪಡಿಸಿದೆ.

ಯಾರಿಗೂ ಮತ ಹಾಕಲೊಲ್ಲದವನ ಗುಟ್ಟಿನ ಗತಿಯೇನು? ಬಹಳ ಕಾಲ ಅವನಿಗೆ ಮರೆಯೇ ಇರಲಿಲ್ಲ. ಮತ ಹಾಕುವುದಿಲ್ಲವೆಂದು ಅಧಿಕಾರಿಗೆ ತಿಳಿಸಿ, ರಿಜಿಸ್ಟರಿನಲ್ಲಿ ತನ್ನ ಹೆಸರಿನ ಎದುರು ಷರಾ ಬರೆಸಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕಿತ್ತು. ಏಜೆಂಟರೆಲ್ಲ ಅಲ್ಲೇ ಕೂತಿರುತ್ತಿದ್ದರು. ಇದು ಗೌಪ್ಯಕ್ಕೆ ಭಂಗವೆಂದು 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ 'ನೋಟಾ' ಗುಂಡಿ ಬಂತು. ಜನ ಅದನ್ನು ಪ್ರತಿಭಟನೆಯ ಗುಂಡಿಯೆಂದು ಬಲ್ಲರು. ಹುಟ್ಟಿದ್ದು ಗುಟ್ಟಿನ ಹಕ್ಕಿನಿಂದ.

ಮನೆಯೊಳಗಿನ ಮಾತನ್ನೂ ಇಲ್ಲಿ ಬಿಡುವಂತಿಲ್ಲ. 'ನಮ್ಮ ಮನೆಯಲ್ಲಿ ಐದು ಓಟಿದೆ' ಎಂದು ಯಜಮಾನ ಹೇಳಿದಾಗ ಆ ಐದರಲ್ಲಿ ಅವನದು ಒಂದು ಮಾತ್ರ. ಹೆಂಡತಿ, ಸೊಸೆ, ಮುದುಕಿ ತಾಯಿ ಮರೆಯ ಹಿಂದೆ ಏನು ಒತ್ತುತ್ತಾರೆಂಬುದು ಅವನಿಗೂ ಗುಟ್ಟು, ಅಥವಾ ಗುಟ್ಟಾಗಿರಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅನುಕೂಲ ಸಿಕ್ಕಿತು. ಅಧಿಕಾರಿಗಳು ಮನೆ ಬಾಗಿಲಿಗೆ ಬಂದು, ರಟ್ಟಿನ ಮರೆ ಇಟ್ಟು, ಮತಪತ್ರ ಕೊಟ್ಟರು. ಮಹಡಿ ಹತ್ತಲಾಗದ ಮುದುಕರಿಗೆ ದೊಡ್ಡ ಉಪಕಾರ ಇದು. ಆದರೆ ಮಗ ಮೊಮ್ಮಕ್ಕಳು ಸುತ್ತ ನಿಂತಿರುವ ನಡುಮನೆಯಲ್ಲಿ ಆ ಮರೆ ಮತಗಟ್ಟೆಯಲ್ಲಿ ಇರುವಷ್ಟು ದಪ್ಪ ಇರುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಇಷ್ಟೆಲ್ಲ ಎಚ್ಚರದಿಂದ ಕಾದಿಟ್ಟ ಗುಟ್ಟು ಎಣಿಕೆಯ ದಿನ ಇನ್ನೊಂದು ಬಗೆಯಲ್ಲಿ ಸೋರುತ್ತದೆ. ಮತಯಂತ್ರಗಳನ್ನು ಎಣಿಸುವುದು ಒಂದೊಂದು ಮತಗಟ್ಟೆಯ ಲೆಕ್ಕದಲ್ಲಿ. ನಮೂನೆ 20 ಎಂಬ ಪಟ್ಟಿಯಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಎಂಬುದು ಪ್ರಕಟವಾಗುತ್ತದೆ. ಮತಗಟ್ಟೆಯೊಂದಕ್ಕೆ ಸಾವಿರ ಚಿಲ್ಲರೆ ಮತದಾರರು. ಹಳೆಯ ಊರುಗಳಲ್ಲಿ ಸಾವಿರ ಜನವೆಂದರೆ ನಾಲ್ಕಾರು ಬೀದಿ. ಬೀದಿಯೆಂದರೆ ಬಹುಮಟ್ಟಿಗೆ ಒಂದು ಜಾತಿ, ಒಂದೆರಡು ವಂಶ. ವ್ಯಕ್ತಿಯ ಗುಟ್ಟು ಉಳಿಯಿತು, ಕೇರಿಯ ಗುಟ್ಟು ಬೀದಿಗೆ ಬಿತ್ತು. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂಬ ಗಾದೆಯನ್ನು ಇಲ್ಲಿ ಬೇರೆ ರೀತಿ ಹೇಳಬೇಕಾಗುತ್ತದೆ.

ಕೇರಿಯ ಲೆಕ್ಕ ಕೈಯಲ್ಲಿರುವವನಿಗೆ ಮನುಷ್ಯರ ಲೆಕ್ಕ ಬೇಕಿಲ್ಲ. ಕೊಳಾಯಿ ಯಾವ ಬೀದಿಗೆ ಮೊದಲು, ಡಾಂಬರು ಯಾವ ತಿರುವಿನಲ್ಲಿ ನಿಲ್ಲಬೇಕು, ಚರಂಡಿಯ ಹೂಳು ಯಾವಾಗ ಎತ್ತಬೇಕು ಎಂಬುದನ್ನು ತೀರ್ಮಾನಿಸುವಾಗ ಆ ಪಟ್ಟಿ ಜೇಬಿನಲ್ಲಿದ್ದರೆ ಸಾಕು. ಇದು ಬರೀ ಊಹೆಯ ಮಾತಲ್ಲ. 2019ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಅಂದಿನ ಕೇಂದ್ರ ಸಚಿವೆ ಮೇನಕಾ ಗಾಂಧಿ, ಬಂದ ಮತಗಳ ಪ್ರಮಾಣ ನೋಡಿ ಹಳ್ಳಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಅದೇ ಕ್ರಮದಲ್ಲಿ ಕೆಲಸ ಮಾಡಿಕೊಡುವುದಾಗಿ ಬಹಿರಂಗ ಸಭೆಯಲ್ಲೇ ಹೇಳಿದ್ದರು. ಉಳಿದವರು ಮೈಕಿನಲ್ಲಿ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ ಎನ್ನುವವರೂ ಉಂಟು.

ಮತಪತ್ರಗಳ ಕಾಲದಲ್ಲಿ ಇದಕ್ಕೆ ಒಂದು ಮದ್ದಿತ್ತು. ಬೆದರಿಕೆಯ ಶಂಕೆಯಿರುವ ಕ್ಷೇತ್ರಗಳಲ್ಲಿ ಎಲ್ಲ ಪೆಟ್ಟಿಗೆಗಳ ಚೀಟಿಗಳನ್ನು ಒಟ್ಟಿಗೆ ಸುರಿದು, ಕಲಸಿ, ಆಮೇಲೆ ಎಣಿಸುವಂತೆ ಚುನಾವಣಾ ಆಯೋಗ ಆದೇಶಿಸಬಹುದಿತ್ತು. ಬ್ರಿಟನ್ನಿನಲ್ಲಿ ಈಗಲೂ ಒಂದು ಪೆಟ್ಟಿಗೆಯ ಚೀಟಿಗಳನ್ನು ಇನ್ನೊಂದರೊಡನೆ ಬೆರೆಸದೆ ಎಣಿಸುವಂತಿಲ್ಲ. ಯಂತ್ರ ಬಂದಾಗ ಈ ಕಲಸುವ ಕೆಲಸ ನಿಂತುಹೋಯಿತು. ಅದಕ್ಕೂ ಪರಿಹಾರ ಇಲ್ಲದಿಲ್ಲ. 'ಟೋಟಲೈಸರ್' ಎಂಬ ಉಪಕರಣಕ್ಕೆ 14 ಮತಗಟ್ಟೆಗಳ ಯಂತ್ರಗಳನ್ನು ಒಟ್ಟಿಗೆ ಜೋಡಿಸಿದರೆ ಅದು ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ, ಒಂದೊಂದರ ಲೆಕ್ಕ ಹೊರಗೆ ಬರುವುದಿಲ್ಲ. ಆಯೋಗ 2008ರಲ್ಲೇ ಇದನ್ನು ಬಳಸಲು ಅನುಮತಿ ಕೇಳಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಹೆಚ್ಚು ಮತ ಬಂತು, ಎಲ್ಲಿ ಕಡಿಮೆಯಾಯಿತು ಎಂದು ತಿಳಿದರೆ ಪಕ್ಷಗಳಿಗೆ ಆ ಕಡೆ ಹೆಚ್ಚು ಕೆಲಸ ಮಾಡಲು ಅನುಕೂಲ ಎಂಬುದು ಮುಂದಿಟ್ಟ ಕಾರಣಗಳಲ್ಲಿ ಒಂದು. ಇದೇ ಕಾರಣವನ್ನು ಮಗುಚಿ ಹಾಕಿದರೆ ಕೇರಿಯವರ ಭಯವೂ ಅದೇ ಆಗುತ್ತದೆ. ಬೂತುವಾರು ಲೆಕ್ಕ ಇದ್ದರೆ ಅಕ್ರಮ ಹಿಡಿಯುವುದು ಸುಲಭ ಎಂಬ ವಾದಕ್ಕೆ ಮಾತ್ರ ತೂಕವಿದೆ. ಆದರೆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿತ್ತೆಂಬ ಲೆಕ್ಕ ಅಂದೇ ಸಂಜೆ ಏಜೆಂಟರ ಕೈಗೆ ಬರೆದುಕೊಡುವ ವ್ಯವಸ್ಥೆ ಇದ್ದೇ ಇದೆ.

ವಿಚಿತ್ರವೆಂದರೆ, ಯಾವ ಉಪಕರಣವೂ ಇಲ್ಲದೆ ಈ ಕಲಸುವ ಕೆಲಸವನ್ನು ಈಗ ಬಡಾವಣೆಗಳು ಮಾಡುತ್ತಿವೆ. ಚಿಕ್ಕಬಾಣಾವರದಂಥ ಊರಿನ ಹೊಸ ಬಡಾವಣೆಗಳ ಮತಗಟ್ಟೆಯಲ್ಲಿ ಸಾಲು ನಿಂತವರಲ್ಲಿ ಉತ್ತರ ಕರ್ನಾಟಕದಿಂದ ಬಂದವರು, ಪೀಣ್ಯದ ಕಾರ್ಖಾನೆಯವರು, ನಿವೃತ್ತ ಸರ್ಕಾರಿ ನೌಕರರು ಎಲ್ಲ ಬೆರೆತಿರುತ್ತಾರೆ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಕಡೆ ಬೂತಿನ ಲೆಕ್ಕ ಹಿಡಿದುಕೊಂಡು ಯಾರ ಮೇಲೆ ಬೆರಳು ತೋರಿಸುವುದು? ನಗರದ ಈ ಅಪರಿಚಿತತನವನ್ನು ಜನ ಹಳಿಯುವುದೇ ಹೆಚ್ಚು. ಮತದಾರನಿಗೆ ಮಾತ್ರ ಅದು ಒಂದು ಹೆಚ್ಚುವರಿ ಮರೆ. ಹಳೆಯ ಊರಿನ ಕೇರಿಯವರಿಗೆ ಆ ಸೌಕರ್ಯವಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸುವಂತೆ ಶಿಫಾರಸು ಮಾಡಲು ತೀರ್ಮಾನಿಸಿದಾಗ ಯಂತ್ರ ಮೇಲೋ ಕಾಗದ ಮೇಲೋ ಎಂಬ ಜಗಳ ಜೋರಾಗಿಯೇ ನಡೆಯಿತು. ಚೀಟಿಗಳನ್ನು ಕಲಸಿ ಎಣಿಸುವುದೋ, ವಾರ್ಡುವಾರು, ಬೂತುವಾರು ಎಣಿಸುವುದೋ ಎಂಬ ಪ್ರಶ್ನೆ ಎರಡು ಪದ್ಧತಿಗೂ ಸೇರಿದ್ದು. ಪುರಸಭೆಯ ವಾರ್ಡು ಚಿಕ್ಕದು, ಅಲ್ಲಿ ಕಲಸಲು ಪೆಟ್ಟಿಗೆಗಳೇ ಕಡಿಮೆ.

ಎಣಿಕೆ ಮುಗಿದ ಮರುದಿನ ಸೋದರತ್ತೆಯ ಮಗ ಮತ್ತೆ ಅದೇ ಜಗಲಿಗೆ ಬಂದು ಕೂರುತ್ತಾನೆ. ಈ ಸಲ ಅವನ ಕೈಯಲ್ಲಿ ಕರಪತ್ರವಿಲ್ಲ, ಅಂಕಿಗಳನ್ನು ಗೀಚಿಕೊಂಡ ಹಾಳೆಯಿದೆ. 'ಏನ್ ಮಾವ, ನಮ್ಮ ಬೀದೀಲಿ ಇಷ್ಟೇನಾ ಬಿದ್ದಿದ್ದು?' ಎನ್ನುತ್ತಾನೆ. ಯಜಮಾನ ಹಾಳೆಯ ಕಡೆ ನೋಡುವುದಿಲ್ಲ. ಕಾಫಿ ತರುವಂತೆ ಒಳಗೆ ಕೂಗುತ್ತಾನೆ.